ಮೂರನೇ ಬೇಸಿನ ಕುಸಾನೊ

ಕುಸಾನೊ ಕಾರವಾರಕ್ಕೆ ಬಂದಿಳಿದಾಗ
ಅವನ ಪೆಟ್ಟಿಗೆ ಗೋವಾದಲ್ಲೇ ಉಳಿದಿತ್ತು.
ಎರಡು ದಿನ ನನ್ನ ತಮ್ಮನ ಅಂಗಿ ತೊಟ್ಟು
ಕೋಡಿಬಾಗದ ಗಲ್ಲಿ ಗಲ್ಲಿ ತಿರುಗಿದ.
ಅಂಗಿ ಗಿಡ್ಡ, ತೋಳು ಇನ್ನೂ ಗಿಡ್ಡ,
ಮುಂಗೈಯೆಲ್ಲ ಹೊರಗೆ.
ಅಂಪೈರನಿಗೆ ಅದೇ ಚೆಂದ ಅಂದೆ.
ಅರ್ಥವಾಗಲಿಲ್ಲ, ನಕ್ಕ.

ಆರು ದೇಶದ ಹುಡುಗರು, ಎಲ್ಲ ಹದಿನೈದರೊಳಗೆ.
ಮಾಲಾದೇವಿ ಮೈದಾನಕ್ಕೆ ಹೊಸ ಸುಣ್ಣದ ಗೆರೆ.
ಬೇಸ್‌ಬಾಲ್ ಅಂದರೆ ಎಂಥದು ಎಂದವರಿಗೆಲ್ಲ
‘ಲಗೋರಿಯನ್ನು ಶಾಲೆಗೆ ಕಳಿಸಿದ ಹಾಗೆ’
ಎಂದು ಹೇಳಿ ಹೇಳಿ ಸಾಕಾಗಿತ್ತು ನನಗೆ.
ಹೋಮ್ ಪ್ಲೇಟಿನ ಹಿಂದೆ ನಾನು,
ಸರಕಾರಿ ಶಾಲೆಯ ಡ್ರಿಲ್ ಅಕ್ಕೋರು;
ಮೂರನೇ ಬೇಸಿನಲ್ಲಿ ಅವನು.
ನಮ್ಮಿಬ್ಬರ ನಡುವಿನ ಭಾಷೆ ಇಷ್ಟೇ:
ಮುಷ್ಟಿ ಎತ್ತಿದರೆ ಔಟ್,
ಅಂಗೈ ಬಿಚ್ಚಿ ಎರಡೂ ಕಡೆ ಹಾಸಿದರೆ ಸೇಫ್.
ಉಳಿದದ್ದಕ್ಕೆ ಚಹಾ.

ಒಂದು ದೋಣಿ, ಅದರಡಿಗೆ ಮೂರು ಗೆರೆ ನೀರು.
ಹೀಗೆ ಚಿತ್ರ ಬರೆದು ಬಂದರು ತೋರಿಸೆಂದ.
ನಸುಕಿಗೇ ಬೈತಖೋಲಕ್ಕೆ ಕರೆದೊಯ್ದೆ.
ಬೋಟು ಆಗಷ್ಟೇ ಸುರಿದ ಬಂಗಡೆ,
ಬೆನ್ನ ಮೇಲಿನ ಗೆರೆ ಇನ್ನೂ ಹಸಿರು ಹಸಿರು.
ಕೊಂಕಣಿಯಲ್ಲಿ ಲೆಕ್ಕ, ಕನ್ನಡದಲ್ಲಿ ಬೈಗುಳ,
ಹರಾಜು ಏರುತ್ತಿತ್ತು.
ಎಲ್ಲಿತ್ತೋ ಒಂದು ಬೆಕ್ಕು, ಬುಟ್ಟಿಗೆ ಹಾರಿತು.
ಶೆವಂತಿ ಖಾರ್ವಿ ಅದರ ಬಾಲ ಹಿಡಿದದ್ದೇ ತಡ
ಕುಸಾನೊನ ಬಲಗೈ ತಾನಾಗಿ ಮೇಲೆದ್ದಿತು,
ಮುಷ್ಟಿ ಕಟ್ಟಿ.
‘ಹೋಯ್ತು! ಸಾಯ್ಬರಿಗೆ!’ ಎಂದ ಹರಾಜಿನವ.
ಎರಡು ಸಾವಿರದ ಮುನ್ನೂರಕ್ಕೆ
ಒಂದು ಬುಟ್ಟಿ ಮೀನು.

ರಿಕ್ಷಾದಲ್ಲಿ ಬುಟ್ಟಿ ಅವನ ತೊಡೆಯ ಮೇಲೆ.
ನೀರು ಸೋರಿ ಸೋರಿ
ತಮ್ಮನ ಅಂಗಿಯ ಬಣ್ಣವೇ ಬೇರೆಯಾಯಿತು.
ಶೆವಂತಿಯೇ ಬಂದು ಕೊಯ್ದು ಕೊಟ್ಟಳು,
ಪಾಪ, ಪರದೇಶಿ ಎಂದು.
ಆ ರಾತ್ರಿ ಹಾಸ್ಟೆಲಿನ ಅಂಗಳದಲ್ಲಿ
ಆರು ದೇಶ ಸಾಲಾಗಿ ಕೂತು ಉಂಡವು.
ಜುಮ್ಮನಕಾಯಿ ಕಚ್ಚಿ ನಾಲಿಗೆ ಜುಂ ಎಂದಾಗ
ಕುಸಾನೊ ಕಣ್ಣು ಮುಚ್ಚಿದ. ತನ್ನೂರಿನ
ಯಾವುದೋ ಮರದ ಹೆಸರು ಹೇಳಿದ,
ಎರಡು ಸಲ,
ಮರ ಇಲ್ಲೇ ಎಲ್ಲೋ ನಿಂತಿದೆ ಎಂಬಂತೆ.

ಸೆಮಿಫೈನಲ್. ಕೊನೆಯ ಇನ್ನಿಂಗ್ಸ್.
ನಮ್ಮವರು ಒಂದು ರನ್ ಮುಂದೆ.
ನೇಪಾಳದ ಹುಡುಗ, ಕಿವಿ ಅಗಲ, ಕಾಲು ಬಲು ಚುರುಕು,
ಮೂರರಿಂದ ಬಿಟ್ಟ ಬಾಣದ ಹಾಗೆ ಬಂದು
ಪ್ಲೇಟಿಗೆ ಜಾರಿದ.
ಕಡಲಗಾಳಿ ಅದೇ ಹೊತ್ತಿಗೆ ಸುಣ್ಣ ಎಬ್ಬಿಸಿತು.
ಮುಖವಾಡದ ಜಾಲರಿಯೊಳಗೆಲ್ಲ ಬಿಳಿ ಬಿಳಿ.
ನಾನು ಕಂಡದ್ದು ಕಾಲೋ? ಕೈಗವಸೋ?
ಕೈ ಮಾತ್ರ ಎದ್ದಿತ್ತು. ಮುಷ್ಟಿ.
ಮೈದಾನ ಹೋ ಎಂದಿತು.

ಹುಡುಗ ಏಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ,
ನೋಡಿದ್ದು ಮೂರನೇ ಬೇಸನ್ನು.
ಕುಸಾನೊ ತನ್ನ ಬೂಟು ನೋಡುತ್ತಿದ್ದ.
ಸಂಶಯವಿದ್ದರೆ ಜೊತೆಗಾರನನ್ನು ಕೇಳಬಹುದು.
ನಿಯಮವಿದೆ. ಪುಟ ಕೂಡ ಗೊತ್ತು ನನಗೆ.
ನಡೆದರೆ ಮೂವತ್ತು ಹೆಜ್ಜೆ.

ಸಂಜೆ ಕಾಳಿ ಕಡಲು ಸೇರುವಲ್ಲಿ ಕೂತೆವು.
ಯಾವುದು ಹೊಳೆ ಎಲ್ಲಿಂದ ಉಪ್ಪು ಎಂದು
ಅವನು ಬೆರಳಿಂದ ಗೆರೆ ಎಳೆದು ಕೇಳಿದ.
ಗೊತ್ತಿಲ್ಲ ಅಂದೆ.
ಕೇಳಬೇಕಾದವಳು ನಾನು,
ಕೇಳುತ್ತಿರುವುದು ಇವನು.

ಶಿರವಾಡದ ಸ್ಟೇಶನ್ನಿನಲ್ಲಿ ಅಂಗಿ ಮರಳಿಸಿದ.
ಒಗೆದು, ಇಸ್ತ್ರಿ ಹೊಡೆದು, ನಾಲ್ಕು ಮಡಿಕೆ ಮಾಡಿ.
ಆದರೂ ಬಂಗಡೆ ನಾತ.
ರೈಲು ಅಲುಗಿತು. ಬಾಗಿಲಲ್ಲಿ ನಿಂತು
ಅವನು ಎರಡೂ ಅಂಗೈ ಬಿಚ್ಚಿದ,
ನಿಧಾನ, ಎರಡೂ ಕಡೆಗೆ ಹಾಸಿದ.

ಅವರ ಊರಲ್ಲಿ ಹೋಗಿ ಬರುತ್ತೇನೆ ಎನ್ನುವುದು
ಹೇಗೋ ನನಗೆ ಗೊತ್ತಿಲ್ಲ.
ಹುಡುಗನ ಹೆಸರೂ ಸ್ಕೋರು ಹಾಳೆಯಲ್ಲಿ
ಸರಿಯಾಗಿ ಬರೆದಿರಲಿಲ್ಲ ಯಾರೂ.
ನಾನೂ ಕೈ ಎತ್ತಿದೆ, ಅರ್ಧಕ್ಕೆ,
ಮುಷ್ಟಿಯೂ ಅಲ್ಲದ ಅಂಗೈಯೂ ಅಲ್ಲದ ಒಂದು ಕೈ.

‘ಬಂದೆ ಅಕ್ಕೋರೇ’ ಎಂದು
ಗೇಟಿನಾಚೆಯ ರಿಕ್ಷಾದವ ಗಾಡಿ ಚಾಲೂ ಮಾಡಿದ.