ಅಡಿಬರಹ

ಹಂಗೇರಿಯ ಸಿನಿಮಾ. ಪಾಸು ಎರಡಿದ್ದವು.
ಬೇರೆ ಯಾರೂ ಸಿಗದೆ ಅಪ್ಪನನ್ನು ಕರೆದೆ,
ಎರಡು ದೀಪಾವಳಿ ಮಾತಾಡಿರಲಿಲ್ಲ.
ಹನುಮಂತನಗರದಿಂದ ಬಂದ, ಇಸ್ತ್ರಿ ಅಂಗಿ,
ಜೇಬಲ್ಲಿ ಕಡಲೆಬೀಜ; ಮಾಲಿನವರು
ಗೇಟಲ್ಲೇ ಕಿತ್ತಿಟ್ಟುಕೊಂಡರು.

ಪರದೆಯ ಮೇಲೊಬ್ಬ ಮುದುಕ
ಮಗಳ ಆಫೀಸಿಗೆ ಬಾತುಕೋಳಿ ತಂದಿದ್ದಾನೆ.
ಕೆಳಗಿನ ಇಂಗ್ಲಿಷ್ ಓದಿ ನಾನು ನಗುವಷ್ಟರಲ್ಲಿ
ಅಪ್ಪ ಮುಖ ನೋಡಿಯೇ ನಕ್ಕು ಮುಗಿಸಿರುತ್ತಾನೆ.

ಅವಳು ಅವನ ಮುಖಕ್ಕೇ ಬಾಗಿಲು ಹಾಕಿದಾಗ
ಹಾಲ್ ಪೂರ್ತಿ ಗೊಳ್ಳೆಂದಿತು,
ನಮ್ಮ ಎರಡು ಸೀಟು ಬಿಟ್ಟು.

ಸೋಪ್ ಫ್ಯಾಕ್ಟರಿ ಮೆಟ್ರೋ ಮೆಟ್ಟಿಲಲ್ಲಿ ಕೇಳಿದ:
"ಕೊನೆಗೆ ಆ ಹುಡುಗಿ ಏನಂದ್ಲು?"
"ಊಟ ಆಯ್ತಾ ಅಂದ್ಲು."
"ಸುಳ್ಳು. ಅಷ್ಟಕ್ಕೆ ಅಷ್ಟೊತ್ತು ಬಾಯಾಡಲ್ಲ."

ಆಮೇಲೆ, ಜೇಬಲ್ಲಿ ಕಾರ್ಡು ತಡಕುತ್ತ,
"ಇನ್ನೂ ಇಲ್ಲ ಅಂತ ಹೇಳು ಅವಳಿಗೆ."