ನಡಾವಳಿಗೆ ಸೇರದ ಮಾತು

ಕಬ್ಬಿಣದ ಈ ಕೀಲಿ ಮೊಳದುದ್ದ.
ಇದರ ಹಿಡಿಗೆ ನನ್ನ ಅಂಗೈ ರೇಖೆ ಅಂಟಿದೆಯೋ
ಇದರ ತುಕ್ಕು ನನ್ನ ರೇಖೆಗೆ ಇಳಿದಿದೆಯೋ
ಇಪ್ಪತ್ತೆರಡು ವರ್ಷದ ಮೇಲೆ ಹೇಳುವುದು ಕಷ್ಟ.
ಚಳ್ಳಕೆರೆ ತಾಲ್ಲೂಕು, ಹಿರೇಕಲ್ಲಹಟ್ಟಿ ಪಂಚಾಯ್ತಿ,
ನೀರುಗಂಟಿ, ದೊಡ್ಡಪಾಲಯ್ಯನ ಮಗ ಗಾದ್ರಯ್ಯ.

ಮೆಂಬರು ಐದು ವರ್ಷಕ್ಕೆ ಬದಲು,
ಪಿಡಿಒ ಎರಡು ವರ್ಷಕ್ಕೆ ವರ್ಗ,
ಗೋಡೆಗೆ ಯೋಜನೆಗೊಂದು ಬಣ್ಣ.
ವಾಲ್ವು ಎಲ್ಲೆಲ್ಲಿದೆ ಬಲ್ಲವನು ನಾನೊಬ್ಬ:
ಮಾರಿಗುಡಿ ಹಿಂದೆ ಒಂದು,
ಎಣ್ಣೆಗಾಣದ ಮೂಲೆಯ ಚಪ್ಪಡಿ ಕೆಳಗೆ ಒಂದು,
ಶಾಲೆ ಕಾಂಪೌಂಡಿಗೆ ತಾಗಿ, ಹಲ್ಲಿಗಳ ಮನೆಯಲ್ಲಿ ಒಂದು,
ಕಾಲೊನಿ ತಿರುವಿನ ಜಾಲಿಬುಡದಲ್ಲಿ ಒಂದು.
ಐದನೆಯದೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಸುಧಾರಣೆ ಬರುವುದು ಜೀಪಿನಲ್ಲಿ.
ಕೈಪಿಡಿ, ಬಾಡಿಗೆ ಕುರ್ಚಿ, ಉಪ್ಪಿಟ್ಟು,
ನೀಲಿ ಬ್ಯಾನರಿನಲ್ಲಿ ‘ಅಧಿಕಾರ ಜನರ ಕೈಗೆ’.
ಕೈ ಎತ್ತಿ ಅಂದರು, ಎತ್ತಿದೆವು.
ಕೈಗಳಲ್ಲಿ ಏನೂ ಇರಲಿಲ್ಲ.
ನನ್ನದರಲ್ಲಿ ಮಾತ್ರ ಕೀಲಿ ಇತ್ತು.

ಸಣ್ಣಮಾರಕ್ಕ ಅಧ್ಯಕ್ಷೆಯಾದಳು,
ಶೇಂಗಾ ಮಿಲ್ಲಿನಲ್ಲಿ ಚೀಲ ಹೊಲಿಯುತ್ತಿದ್ದವಳು.
ಮೊದಲೆರಡು ಸಭೆ ಅವಳ ಕುರ್ಚಿಯಲ್ಲಿ ಮೈದುನ ಕೂತ.
ಮೂರನೆಯದಕ್ಕೆ ಕಸ ಗುಡಿಸುವ ಮುಂಚೆಯೇ ಬಂದು
ತಾನೇ ಕೂತಿದ್ದಳು,
ಕಾಲು ನೆಲಕ್ಕೆ ಎಟುಕದೆ
ಕೆಳಗೊಂದು ಇಟ್ಟಿಗೆ ಇಟ್ಟುಕೊಂಡು.

ಗ್ರಾಮಸಭೆಯಲ್ಲಿ ಅವಳು ಕೇಳಿದ್ದು ಇಷ್ಟೇ:
‘ಗಾದ್ರಣ್ಣ, ಯಾವ ಬೀದಿಗೆ ಎಷ್ಟೊತ್ತು ಬಿಡ್ತೀಯ?’
ನೀರು ಯಾವಾಗ ಅಂತ ಕೇಳಿದ್ದಾರೆ,
ಯಾಕಿಲ್ಲ ಅಂತ ಬೈದಿದ್ದಾರೆ.
ಯಾರಿಗೆ ಎಷ್ಟು ಅಂತ ಯಾರೂ ಕೇಳಿರಲಿಲ್ಲ.
ಉತ್ತರ ಕಾಗದದಲ್ಲಿರಲಿಲ್ಲ, ತಲೆಯಲ್ಲೂ ಅಲ್ಲ,
ಮಣಿಕಟ್ಟಿನಲ್ಲಿತ್ತು.

ಮೇಲಿನ ಬೀದಿಗೆ ಐವತ್ತು ನಿಮಿಷ
(ಯುಗಾದಿಗೊಂದು ಅಂಗಿಬಟ್ಟೆ,
ನನ್ನ ಮಗಳ ಮದುವೆಗೆ ಎರಡು ಚೀಲ ರಾಗಿ).
ಅಂಗಡಿ ಸಾಲಿಗೆ ನಲವತ್ತು.
ಗೊಲ್ಲರಹಟ್ಟಿಗೆ ಇಪ್ಪತ್ತು.
ಕಾಲೊನಿಗೆ... ಕೆಮ್ಮಿದೆ... ಹನ್ನೆರಡು.

ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆ
ಅಷ್ಟು ದೂರದಿಂದಲೂ ಕೇಳಿಸಿತು.
‘ಬರಿ’ ಅಂದಳು. ‘ಬುಕ್ಕಿಗಲ್ಲ, ಗೋಡೆಗೆ.’
ಶಾಲೆಯಿಂದ ಸೀಮೆಸುಣ್ಣ ತರಿಸಿದಳು.
ಬರೆದೆ.
ಬಾಯಲ್ಲಿ ಚಿಕ್ಕದಿದ್ದ ಹನ್ನೆರಡು
ಗೋಡೆಯ ಮೇಲೆ ಆಳುದ್ದ ನಿಂತಿತು.

‘ಇದು ಅಜೆಂಡಾದಲ್ಲಿಲ್ಲ ಮೇಡಂ’ ಎಂದರು ಪಿಡಿಒ.
ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ.
ನಡಾವಳಿಯಲ್ಲಿ ಈಗಲೂ ಒಂದೇ ಸಾಲು:
‘ಕುಡಿಯುವ ನೀರಿನ ವಿಷಯ ಚರ್ಚಿಸಲಾಯಿತು.’

ಕಾಲೊನಿಯ ಮುದುಕಿ ದುರುಗವ್ವ
ಮೊಮ್ಮಗನ ಕೈಲಿ ಓದಿಸಿದಳು.
ಹನ್ನೆರಡು ಅಂದ್ರೆ ಎಷ್ಟು ಕೊಡ ಮಗಾ?
ನಾಲ್ಕು, ಅವ್ವಾ.
‘ನನ್ನ ನಡು ಇದನ್ನ ಯಾವತ್ತೋ ಓದಿತ್ತು,
ಗೋಡೆಗೆ ಇವತ್ತು ಓದು ಬಂತು.’

ಸಣ್ಣಮಾರಕ್ಕ ಬೆರಳ ಗೆಣ್ಣು ಎಣಿಸಿದಳು.
ಒಟ್ಟು ನೂರಿಪ್ಪತ್ತೆರಡು.
ನಾಲ್ಕು ಕಡೆಗೂ ಮೂವತ್ತು ಮೂವತ್ತು,
ಉಳಿದೆರಡು ನಿಮಿಷ ದನದ ತೊಟ್ಟಿಗೆ.
‘ನಮ್ಮದು ಏರು, ನೀರು ಹತ್ತೋದಕ್ಕೇ ಹತ್ತು ನಿಮಿಷ’
ಎಂದರು ಮೇಲಿನ ಬೀದಿಯವರು.
ಅದೂ ಸುಳ್ಳಲ್ಲ.
‘ಒಂದು ತಿಂಗಳು ನೋಡಾಣ,
ತಪ್ಪಿದ್ರೆ ಅಳಿಸಿ ಬರೆಯಾಣ.
ಸೀಮೆಸುಣ್ಣ ತಾನೆ, ಶಾಸನವಲ್ಲವಲ್ಲ.’

ಈಗ ನಾನು ಬೀದಿಯಲ್ಲಿ ಹೋದರೆ
ಯಾರೂ ಎದ್ದು ಬೀಡಿ ಕೊಡುವುದಿಲ್ಲ.
ಗಡಿಯಾರ ನೋಡುತ್ತಾರೆ.
ಹುಡುಗರು ಕೂಗುತ್ತಾರೆ: ಗಾದ್ರಣ್ಣ, ಇನ್ನೂ ಮೂರು ನಿಮಿಷ!
ಮೊದಮೊದಲು ಬೆತ್ತಲೆ ಮಾಡಿದಂತಾಯಿತು.
ಆಮೇಲೆ, ನಿಜ ಹೇಳಲೇ, ತೋಳು ಹಗುರಾಯಿತು.

ಐದನೆಯದು ಇದೆ ಅಂದೆನಲ್ಲ.
ಮುಕ್ಕಾಲಿಂಚು ಪೈಪು, ನನ್ನ ಹಿತ್ತಿಲಿಗೆ.
ಅದಕ್ಕೆ ನಿಮಿಷವಿಲ್ಲ, ಅದು ಮುಚ್ಚುವುದೇ ಇಲ್ಲ.
ಹೆಂಡತಿ ತುಂಬಿದ ಹಂಡೆಗೆ ತಟ್ಟೆ ಮುಚ್ಚಿ
ನನ್ನ ಮುಖ ನೋಡುತ್ತಾಳೆ.
ಜೇಬಿನಲ್ಲಿ ಸೀಮೆಸುಣ್ಣದ ತುಂಡು
ಬೆವರಿಗೆ ಮೆತ್ತಗಾಗುತ್ತಿದೆ.
ದನದ ತೊಟ್ಟಿಯ ಕೆಳಗೆ, ಗೋಡೆಯಲ್ಲಿ
ಇನ್ನೊಂದು ಸಾಲಿಗೆ ಜಾಗವಿದೆ.
ಯಾರೂ ಇಲ್ಲದಾಗ ಹೋಗಿ ಅಳೆದಿದ್ದೇನೆ:
ಸರಿಯಾಗಿ ಒಂದು ಗೇಣು.