ಯಾವುದು ಮೊದಲೋ ಅದು

ಕೊಟ್ಟಾರದ ಶೋರೂಮಿನಲ್ಲಿ ಗಾಜಿನ ಮೇಜು, ಗಾಜಿನ ಗೋಡೆ,
ನನ್ನ ಚಪ್ಪಲಿಯಲ್ಲಿ ಮಾತ್ರ ಧಕ್ಕೆಯ ಕೆಸರು.
ಕೀಲಿ ಇನ್ನೂ ಕೈಗೆ ಬಂದಿಲ್ಲ,
ಅಷ್ಟರಲ್ಲಿ ಹುಡುಗಿ ಇನ್ನೊಂದು ಹಾಳೆ ಸರಿಸಿದಳು.
ಐದು ವರ್ಷದ ಸರ್ವಿಸ್, ಈಗಲೇ ಕಟ್ಟಿಬಿಡಿ ಸರ್,
ಮೂವತ್ತೆಂಟು ಸಾವಿರದ ನಾನೂರು,
ಆಮೇಲೆ ರೇಟು ಏರಿದರೂ ನಿಮಗೆ ಏರುವುದಿಲ್ಲ.
ಐದು ವರ್ಷ ಅಥವಾ ಐವತ್ತು ಸಾವಿರ ಕಿಲೋಮೀಟರು,
ಯಾವುದು ಮೊದಲೋ ಅದು.

ನಾನು ಬಂದರಿನ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವನು.
ನಮ್ಮಲ್ಲಿ ವ್ಯವಹಾರ ತಲೆಕೆಳಗು.
ಬೋಟಿನವರು ನಸುಕಿಗೆ ಐಸು ತುಂಬಿಕೊಂಡು ಹೊರಡುತ್ತಾರೆ,
ದುಡ್ಡು ಕೇಳಿದರೆ 'ಬೊಕ್ಕ ಕೊರ್ಪೆ' ಅನ್ನುತ್ತಾರೆ.
ಆ 'ಬೊಕ್ಕ' ಕೆಲವೊಮ್ಮೆ ಹತ್ತು ದಿನ,
ಕೆಲವೊಮ್ಮೆ ಎರಡು ಮಳೆಗಾಲ.
ಕರಗಿ ನೀರಾಗಿ ಹೋದದ್ದಕ್ಕೆ
ಬಿಲ್ಲು ಹಿಡಿದು ವಸೂಲಿಗೆ ನಿಲ್ಲುವ ಕಷ್ಟ ನನಗೆ ಗೊತ್ತು.
ಮಾಡದ ಕೆಲಸಕ್ಕೆ ಮೊದಲೇ ಎಣಿಸಿಕೊಳ್ಳುವ ಈ ಜಾಣರ ಮೇಲೆ
ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚು ಬಂತು.

ಜೇಬಿನ ಐಸ್ ಚೀಟಿಯ ಬೆನ್ನಿಗೆ ಬರೆದೆ:
ಮನೆ ಬೋಳೂರು, ಕೆಲಸ ಬಂದರು,
ಭಾನುವಾರ ಉಳ್ಳಾಲದ ತಂಗಿ ಮನೆ, ವರ್ಷಕ್ಕೊಮ್ಮೆ ಕುಂದಾಪುರ.
ಎಳೆದು ಹಿಡಿದರೂ ವರ್ಷಕ್ಕೆ ನಾಲ್ಕು ಸಾವಿರ.
ಐವತ್ತು ಸಾವಿರ ಮುಟ್ಟಲು ಹನ್ನೆರಡೂವರೆ ವರ್ಷ.
ನನಗೀಗ ಅರವತ್ತೊಂದು, ಎದೆಯೊಳಗೆ ಒಂದು ಸ್ಟೆಂಟು.
'ಯಾವುದು ಮೊದಲೋ' ಎಂಬಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಮೊದಲ ಮೂರು ಸರ್ವಿಸಿಗೆ ಕೂಲಿ ಹೇಗೂ ಕಂಪೆನಿಯದೇ ಪುಕ್ಕಟೆ.
ಕೆಳಗೆ ಸಣ್ಣಕ್ಷರದಲ್ಲಿ ವೈಪರ್ ಸೇರಿಲ್ಲ.
ಜೂನ್ ಬಂದರೆ ನಮ್ಮೂರಲ್ಲಿ
ಕಾರು ಓಡಿಸುವುದೇ ವೈಪರ್ ಅಲ್ಲವೇ?
ಬ್ರೇಕ್ ಪ್ಯಾಡ್ ಇಲ್ಲ, ಕ್ಲಚ್ ಇಲ್ಲ, ಬ್ಯಾಟರಿ ಇಲ್ಲ.
ಉಪ್ಪುಗಾಳಿಯ ತುಕ್ಕು? ಇಲ್ಲ ಸರ್.
ಇಲಿ ವೈರು ಕಚ್ಚಿದರೆ?
ಹುಡುಗಿ ನಕ್ಕಳು, ಅದು ಇನ್ಶೂರೆನ್ಸಿನವರನ್ನು ಕೇಳಬೇಕು.
ಸೇರಿದ್ದು ಎಣ್ಣೆ, ಫಿಲ್ಟರು, ಕೂಲಿ, ತೊಳೆದು ಒರೆಸುವುದು,
ಮತ್ತೆ 'ಮನಸ್ಸಿಗೆ ನೆಮ್ಮದಿ',
ಅದು ಬೇರೆ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ.

ಬೋಳಾರದ ಅಲ್ಬನ್ ಕ್ರಾಸ್ತಾ
ನನ್ನ ಹಳೆ ಕಾರಿಗೆ ಇಪ್ಪತ್ತು ವರ್ಷ ಕೈ ಹಾಕಿದವ,
ಒಂದು ಹಾಳೆಗೂ ಸಹಿ ಕೇಳಿದವನಲ್ಲ.
ಬಾನೆಟ್ ಎತ್ತಿ, ಕಿವಿ ಕೊಟ್ಟು,
'ಇನ್ನೊಂದು ಮಳೆಗಾಲ ಹೋಗ್ತದೆ ಮಾರಾಯ್ರೆ' ಅನ್ನುತ್ತಿದ್ದ.
ಹೋಗುತ್ತಿತ್ತು.
ಆದರೆ ಈಗಿನ ಕಾರಿನ ಹೊಟ್ಟೆ ತುಂಬ ಕಂಪ್ಯೂಟರು,
ಅಲ್ಬನ್ನನ ಕಿವಿಗೂ ಈಗ ಮಿಷನ್ನು.

ಬೇಡಮ್ಮ ಅಂದೆ.
ಅವಳು ಹಾಳೆ ಮಡಚಲಿಲ್ಲ. ಅಂದು ಮೂವತ್ತನೇ ತಾರೀಕು.
'ಐಸ್ ಪ್ಲಾಂಟಿನ ಲೆಕ್ಕದವರಲ್ವಾ ನೀವು?
ನಾನು ದೂಮಣ್ಣ ಮೆಂಡನರ ಮಗಳು, ವಿನುತಾ.'
ದೂಮಣ್ಣ ನನ್ನ ಪುಸ್ತಕದ ನೂರ ಹನ್ನೆರಡನೇ ಪುಟ.
ಹದಿನೇಳು ಸಾವಿರದ ಆರುನೂರು,
ಬೂತಾಯಿ ಬಾರದ ವರ್ಷದ್ದು.
ಆ ಮೊತ್ತ ಇಬ್ಬರಿಗೂ ಗೊತ್ತಿತ್ತು,
ಇಬ್ಬರೂ ಹೇಳಲಿಲ್ಲ.
ಎ.ಸಿ. ಗಾಳಿಗೆ ನನ್ನ ಚಪ್ಪಲಿಯ ಕೆಸರು
ಒಣಗಿ, ಅವರ ಬಿಳಿ ನೆಲಕ್ಕೆ ಉದುರುತ್ತಿತ್ತು.

ಎರಡು ವರ್ಷದ ಪ್ಲಾನಿಗೆ ಸಹಿ ಹಾಕಿದೆ.
ಲೆಕ್ಕ ಹಿಡಿದರೆ ಐದಕ್ಕಿಂತ ಎರಡೇ ದೊಡ್ಡ ನಷ್ಟ.
ಹೆಂಡತಿಗೆ ಲಾಭ ಎಂದು ಹೇಳಿದ್ದೇನೆ.
ನೂರ ಹನ್ನೆರಡನೇ ಪುಟ ಹಾಗೆಯೇ ಇದೆ,
ಒಂದು ಪೈಸೆ ಅಳಿಸಿಲ್ಲ, ಅಳಿಸುವುದೂ ಇಲ್ಲ.

ಕಾರು ಮನೆಗೆ ಬಂದ ನಾಲ್ಕನೇ ರಾತ್ರಿ
ಹಲಸಿನ ಮರದಡಿ, ಇಂಜಿನ್ನಿನ ಬಿಸಿಗೆ
ಯಾವುದೋ ಇಲಿ ಮಲಗಿ ಎದ್ದು ಹೋಗಿತ್ತು, ವೈರು ತಿಂದು.
ಶೋರೂಮಿಗೆ ಫೋನು ಮಾಡಿದರೆ ಸಂಗೀತ, ಸಂಗೀತ.
ಅಲ್ಬನ್ ಸ್ಕೂಟರಿನಲ್ಲಿ ಬಂದ, ಬಗ್ಗಿದ, ಟೇಪು ಸುತ್ತಿದ.
ಎಷ್ಟಾಯಿತು ಅಂದೆ.
ಕೇಳಲಿಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಅಂದೆ.
'ಬೊಕ್ಕ ಕೊರ್ಲೆ' ಅಂದ,
ಕಿವಿಯ ಮಿಷನ್ನು ಒತ್ತಿಕೊಳ್ಳುತ್ತ.